ಬಾಂಡ್‌ಗಳ ಬಡ್ಡಿದರ ಅಪಾಯ: ಅಳೆಯುವ ಬಗೆ, ಹಿಡಿತದಲ್ಲಿಡುವ ಬಗೆ

ದಾವಣಗೆರೆಯ ಮನೆಗಳಲ್ಲಿ ಉಳಿತಾಯ ಎಂದರೆ ಬಹುಕಾಲದಿಂದ ಬ್ಯಾಂಕಿನ ನಿಶ್ಚಿತ ಠೇವಣಿ, ಪತ್ತಿನ ಸಹಕಾರ ಸಂಘದ ಠೇವಣಿ, ಅಂಚೆ ಕಚೇರಿಯ ಯೋಜನೆಗಳು ಮತ್ತು ಬಂಗಾರ. ರಿಸರ್ವ್ ಬ್ಯಾಂಕ್ 2021ರ ನವೆಂಬರ್ 12ರಂದು ರಿಟೇಲ್ ಡೈರೆಕ್ಟ್ ಯೋಜನೆಯನ್ನು ಆರಂಭಿಸಿದ ಮೇಲೆ ಈ ಪಟ್ಟಿಗೆ ಸರ್ಕಾರಿ ಬಾಂಡ್ ಕೂಡ ಸೇರಿಕೊಂಡಿದೆ. ಖಾತೆ ತೆರೆಯಲು ಶುಲ್ಕವಿಲ್ಲ. ಹತ್ತು ಸಾವಿರ ರೂಪಾಯಿ ಇದ್ದರೆ ಮನೆಯಲ್ಲೇ ಕುಳಿತು ಕೇಂದ್ರ ಸರ್ಕಾರದ ಬಾಂಡ್‌ಗೂ ಕರ್ನಾಟಕ ಸರ್ಕಾರದ ಅಭಿವೃದ್ಧಿ ಸಾಲಪತ್ರಕ್ಕೂ ಬಿಡ್ ಸಲ್ಲಿಸಬಹುದು. ಮಂಡಿಪೇಟೆಯ ವರ್ತಕರಾಗಲಿ, ವಿದ್ಯಾನಗರದ ನಿವೃತ್ತ ಉಪನ್ಯಾಸಕರಾಗಲಿ, ಇದರ ಬಗ್ಗೆ ಮೊದಲು ಕೇಳುವ ಪ್ರಶ್ನೆ ಒಂದೇ: "ಸರ್ಕಾರಾನೇ ಗ್ಯಾರಂಟಿ ಐತಲ್ಲ, ಇದ್ರಾಗೆ ರಿಸ್ಕ್ ಏನೈತಿ ಸಾರ್?"

ಅಸಲು ಮತ್ತು ಬಡ್ಡಿ ಬರುವುದರಲ್ಲಿ ಅಪಾಯವಿಲ್ಲ ಎಂಬುದು ನಿಜ. ಆದರೆ ಬಾಂಡ್‌ನ ಬೆಲೆ ದಿನದಿನವೂ ಬದಲಾಗುತ್ತದೆ, ಆ ಬದಲಾವಣೆಗೆ ಮುಖ್ಯ ಕಾರಣ ಮಾರುಕಟ್ಟೆಯ ಬಡ್ಡಿದರ. ಈ ಅಪಾಯವನ್ನು ಒಂದು ನೋಟ್‌ಪುಸ್ತಕ ಮತ್ತು ಕ್ಯಾಲ್ಕುಲೇಟರ್ ಇಟ್ಟುಕೊಂಡು ಒಂದು ಸಂಜೆಯಲ್ಲಿ ಅಳೆಯಬಹುದು. ಅಳೆದ ಮೇಲೆ ತಿಳಿಯುವ ಮುಖ್ಯ ಸಂಗತಿ ಏನೆಂದರೆ, ಅಪಾಯ ಇರುವುದು ಬಾಂಡ್ ಒಂದರಲ್ಲೇ ಅಲ್ಲ. ಬಾಂಡ್‌ನ ಕಾಲಾವಧಿಗೂ ನಿಮಗೆ ಹಣ ಬೇಕಾಗುವ ದಿನಕ್ಕೂ ನಡುವೆ ಇರುವ ಅಂತರದಲ್ಲಿ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಅಂತರವನ್ನು ಕಂಡುಹಿಡಿದು ಕಿರಿದು ಮಾಡುವ ಕೆಲಸಕ್ಕೆ ಮೀಸಲು.

ಅಪಾಯಕ್ಕೆ ಎರಡು ಮುಖ

2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶೇ 5.77 ಬಡ್ಡಿಯ, 2030ರಲ್ಲಿ ತೀರುವ ಬಾಂಡ್ ಹೊರಡಿಸಿತು. ಆಗ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರ, ಶೇ 4ರಷ್ಟಿತ್ತು. 2022ರ ಮೇ 4ರಂದು ರಿಸರ್ವ್ ಬ್ಯಾಂಕ್ ನಿಗದಿತ ಸಭೆಗೂ ಮೊದಲೇ ರೆಪೊ ದರವನ್ನು ಶೇ 4.40ಕ್ಕೆ ಏರಿಸಿತು, 2023ರ ಫೆಬ್ರುವರಿ ವೇಳೆಗೆ ಅದು ಶೇ 6.50 ಮುಟ್ಟಿತು. ಹತ್ತು ವರ್ಷದ ಸರ್ಕಾರಿ ಬಾಂಡ್‌ನ ಇಳುವರಿ, ಅಂದರೆ ಆ ದಿನದ ಬೆಲೆಗೆ ಕೊಂಡವರಿಗೆ ಸಿಗುವ ವಾರ್ಷಿಕ ಗಳಿಕೆ, 2022ರ ಜೂನ್‌ನಲ್ಲಿ ಶೇ 7.5ರ ಆಸುಪಾಸಿಗೆ ಹೋಯಿತು. ಆ ಹೊತ್ತಿಗೆ ಶೇ 5.77ರ ಬಾಂಡ್‌ಗೆ ಸುಮಾರು ಎಂಟು ವರ್ಷ ಉಳಿದಿತ್ತು. ಹೊಸ ಬಾಂಡ್‌ಗಳು ಹೆಚ್ಚು ಗಳಿಕೆ ಕೊಡುವಾಗ ಕಡಿಮೆ ಬಡ್ಡಿಯ ಹಳೆಯದನ್ನು ಯಾರೂ ಪೂರ್ತಿ ಬೆಲೆಗೆ ಕೊಳ್ಳುವುದಿಲ್ಲ. ಶೇ 7.5ರ ಇಳುವರಿಯಲ್ಲಿ ಲೆಕ್ಕ ಹಾಕಿದರೆ ನೂರು ರೂಪಾಯಿ ಮುಖಬೆಲೆಯ ಆ ಬಾಂಡ್ ಸುಮಾರು 90 ರೂಪಾಯಿಗೆ ಇಳಿಯುತ್ತದೆ. ಹರಾಜಿನಲ್ಲಿ ನೂರಕ್ಕೆ ಕೊಂಡವರು ಅನಿವಾರ್ಯವಾಗಿ ಆಗ ಮಾರಬೇಕಾಗಿ ಬಂದಿದ್ದರೆ, ಅಷ್ಟರಲ್ಲಿ ಕೈಸೇರಿದ್ದ ಬಡ್ಡಿಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಬೆಲೆಯ ಕುಸಿತವೇ ನುಂಗಿಹಾಕುತ್ತಿತ್ತು.

ಇದು ಬೆಲೆಯ ಅಪಾಯ. ಇನ್ನೊಂದು ಮುಖವನ್ನು ಹೆಚ್ಚಿನವರು ಗಮನಿಸುವುದಿಲ್ಲ. ದರ ಇಳಿದಾಗ ಬಾಂಡ್‌ನ ಬೆಲೆ ಏರುತ್ತದೆ ಎಂಬುದು ಸಂತೋಷದ ಸುದ್ದಿಯೇ, ಆದರೆ ಆರು ತಿಂಗಳಿಗೊಮ್ಮೆ ಬರುವ ಬಡ್ಡಿಯನ್ನೂ ತೀರಿದ ಬಾಂಡ್‌ನ ಅಸಲನ್ನೂ ಮತ್ತೆ ಹೂಡುವಾಗ ಕಡಿಮೆ ದರವೇ ಸಿಗುತ್ತದೆ. ಇದು ಮರುಹೂಡಿಕೆಯ ಅಪಾಯ. ಒಂದು ಹೆಚ್ಚಿದಾಗ ಇನ್ನೊಂದು ತಗ್ಗುತ್ತದೆ. ಇವೆರಡರ ಈ ವಿರುದ್ಧ ನಡೆಯೇ ಮುಂದೆ ನಮ್ಮ ಕೈಗೆ ಸಿಗುವ ದೊಡ್ಡ ಸಾಧನ.

ಮೊದಲ ಹಂತ: ಹಣ ಬೇಕಾಗುವ ದಿನವನ್ನು ಬರೆದಿಡಿ

ಬಾಂಡ್ ಪಟ್ಟಿಯನ್ನು ತೆರೆಯುವ ಮೊದಲು ಒಂದು ಹಾಳೆಯಲ್ಲಿ, ಈ ಹಣ ಯಾವ ವರ್ಷ, ಯಾವ ತಿಂಗಳು, ಎಷ್ಟು ಬೇಕು ಎಂದು ಬರೆಯಬೇಕು. "ಯಾವಾಗಲಾದರೂ ಬೇಕಾಗಬಹುದು" ಎಂಬ ಉತ್ತರ ಸಾಲದು. ಹಾಗೆ ಎನಿಸುವ ಮೊತ್ತವನ್ನು ಬೇರೆ ತೆಗೆದು ಬ್ಯಾಂಕ್ ಖಾತೆಯಲ್ಲೇ ಇಡುವುದು ಒಳಿತು.

ನಮ್ಮ ಜಿಲ್ಲೆಯ ಹಣಕ್ಕೆ ತನ್ನದೇ ಆದ ಕಾಲಗತಿ ಇದೆ. ಮೆಕ್ಕೆಜೋಳದ ವರ್ತಕರಿಗೆ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಎಪಿಎಂಸಿಗೆ ಆವಕ ಶುರುವಾದ ಕೂಡಲೇ ರೈತರಿಗೆ ಕೊಡಲು ನಗದು ಬೇಕು. ಮಾಲು ವಿಲೇವಾರಿಯಾದ ಮೇಲೆ ಮುಂದಿನ ಸುಗ್ಗಿಯವರೆಗೆ ಅದರ ಒಂದು ಭಾಗ ಸುಮ್ಮನೆ ಇರುತ್ತದೆ. ಅಂಥ ಹಣಕ್ಕೆ ಹತ್ತು ವರ್ಷದ ಬಾಂಡ್ ಸಲ್ಲದು, ಸಾಮಾನ್ಯವಾಗಿ ಬುಧವಾರ ಹರಾಜಾಗುವ 91 ಅಥವಾ 182 ದಿನಗಳ ಖಜಾನೆ ಹುಂಡಿ (ಸರ್ಕಾರದ ಅಲ್ಪಾವಧಿ ಸಾಲಪತ್ರ) ಸಲ್ಲುತ್ತದೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗಳ ವೈದ್ಯಕೀಯ ಶಿಕ್ಷಣಕ್ಕೆಂದು ನಾಲ್ಕೂವರೆ ವರ್ಷದ ನಂತರ ಬೇಕಾಗುವ ಮೊತ್ತವನ್ನು ಈಗಲೇ ಎತ್ತಿಡುತ್ತಿದ್ದರೆ ಅದರ ಲೆಕ್ಕವೇ ಬೇರೆ. ನಿವೃತ್ತರಿಗೆ ಒಂದೇ ದಿನ ಇಡಿಗಂಟು ಬೇಡ, ವರ್ಷವರ್ಷವೂ ಒಂದಿಷ್ಟು ಬೇಕು.

ಎರಡನೆಯ ಹಂತ: ಬಾಂಡ್‌ನ ವಿವರ ಓದುವುದು

"7.10% ಜಿಎಸ್ 2034" ಎಂಬ ಹೆಸರಿನಲ್ಲಿ ಬಹುಪಾಲು ಮಾಹಿತಿ ಅಡಗಿದೆ. ನೂರು ರೂಪಾಯಿ ಮುಖಬೆಲೆಗೆ ವರ್ಷಕ್ಕೆ 7 ರೂಪಾಯಿ 10 ಪೈಸೆ ಬಡ್ಡಿ, ಅಂದರೆ ಆರು ತಿಂಗಳಿಗೊಮ್ಮೆ 3 ರೂಪಾಯಿ 55 ಪೈಸೆ. ಜಿಎಸ್ ಎಂದರೆ ಕೇಂದ್ರ ಸರ್ಕಾರದ ಸಾಲಪತ್ರ. ಅಸಲು ಮರಳುವುದು 2034ರಲ್ಲಿ, ನಿರ್ದಿಷ್ಟವಾಗಿ ಏಪ್ರಿಲ್ 8ರಂದು. ಇದಕ್ಕೆ ಇಂದಿನ ಬೆಲೆ ಮತ್ತು ಇಳುವರಿ ಎಂಬ ಎರಡು ಅಂಕಿ ಸೇರಿಸಿಕೊಂಡರೆ ಲೆಕ್ಕಕ್ಕೆ ಬೇಕಾದ್ದೆಲ್ಲ ಸಿಕ್ಕಂತೆ. ತೆರೆಯ ಮೇಲೆ ಕಾಣುವ ಬೆಲೆಯ ಜೊತೆಗೆ, ಹಿಂದಿನ ಬಡ್ಡಿ ಪಾವತಿಯ ದಿನದಿಂದ ಇಂದಿನವರೆಗೆ ಸಂದ ಬಡ್ಡಿಯನ್ನೂ ಮಾರುವವರಿಗೆ ಕೊಡಬೇಕಾಗುತ್ತದೆ ಎಂಬುದು ನೆನಪಿರಲಿ.

ಬಡ್ಡಿಯ ದರ ಮತ್ತು ಇಳುವರಿ ಒಂದೇ ಅಲ್ಲ. ಬಡ್ಡಿಯ ದರ ಬಾಂಡ್ ಹುಟ್ಟಿದ ದಿನ ನಿಗದಿಯಾಗಿ ಕೊನೆಯವರೆಗೂ ಹಾಗೇ ಇರುತ್ತದೆ. ಇಳುವರಿ ಎಂದರೆ ಇಂದಿನ ಬೆಲೆಗೆ ಕೊಂಡು ಕೊನೆಯವರೆಗೆ ಇಟ್ಟುಕೊಂಡರೆ ಸಿಗುವ ವಾರ್ಷಿಕ ಗಳಿಕೆ. ಅಪಾಯದ ಲೆಕ್ಕವೆಲ್ಲ ನಡೆಯುವುದು ಇಳುವರಿಯ ಮೇಲೆ.

ಮೂರನೆಯ ಹಂತ: ಡ್ಯುರೇಷನ್ ಕಂಡುಹಿಡಿಯುವುದು

ಐದು ವರ್ಷದ ಬಾಂಡ್ ಕೊಂಡವರಿಗೆ ಹಣವೆಲ್ಲ ಐದನೇ ವರ್ಷವೇ ಬರುವುದಿಲ್ಲ. ನಡುನಡುವೆ ಬಡ್ಡಿ ಬರುತ್ತಿರುತ್ತದೆ. ಹಾಗಾದರೆ ಸರಾಸರಿ ನೋಡಿದರೆ ಹಣ ಎಷ್ಟು ವರ್ಷಕ್ಕೆ ಮರಳುತ್ತದೆ? ಈ ಪ್ರಶ್ನೆಗೆ 1938ರಲ್ಲಿ ಫ್ರೆಡರಿಕ್ ಮೆಕಾಲೆ ಎಂಬ ಅರ್ಥಶಾಸ್ತ್ರಜ್ಞ ಕೊಟ್ಟ ಉತ್ತರವೇ ಡ್ಯುರೇಷನ್. ವರ್ಷಗಳನ್ನು ಗುರುತು ಹಾಕಿದ ಒಂದು ಮರದ ಪಟ್ಟಿಯ ಮೇಲೆ ಆಯಾ ವರ್ಷ ಬರುವ ಹಣದ ಇಂದಿನ ಮೌಲ್ಯವನ್ನು (ಮುಂದೆ ಬರುವ ಆ ಹಣ ಇಂದಿನ ಎಷ್ಟು ಹಣಕ್ಕೆ ಸಮವೋ ಅದನ್ನು) ತೂಕದ ಬಟ್ಟುಗಳಂತೆ ಇಟ್ಟರೆ, ಯಾವ ಗುರುತಿನ ಕೆಳಗೆ ಬೆರಳಿಟ್ಟಾಗ ಪಟ್ಟಿ ಸಮವಾಗಿ ನಿಲ್ಲುತ್ತದೋ ಅದೇ ಡ್ಯುರೇಷನ್.

ಕೈಯಾರೆ ಒಮ್ಮೆ ಮಾಡಿ ನೋಡುವುದು ಅಗತ್ಯ ಎಂದು ನಾನು ದೃಢವಾಗಿ ನಂಬುತ್ತೇನೆ. ಒಮ್ಮೆ ಮಾಡಿದವರಿಗೆ ಮುಂದೆ ಯಾರ ಮಾತೂ ಬೇಕಾಗುವುದಿಲ್ಲ. ಲೆಕ್ಕ ಸರಳವಾಗಲೆಂದು ವರ್ಷಕ್ಕೊಮ್ಮೆ ಬಡ್ಡಿ ಕೊಡುವ, ಐದು ವರ್ಷದ, ಶೇ 7ರ ಬಾಂಡ್ ತೆಗೆದುಕೊಳ್ಳೋಣ; ಮಾರುಕಟ್ಟೆಯ ಇಳುವರಿಯೂ ಶೇ 7 ಇರಲಿ. ಈ ಶೇ 7 ಎಂಬುದು ಲೆಕ್ಕಕ್ಕೆ ಹಿಡಿದ ದರ, ನಿಮ್ಮ ಬಾಂಡ್‌ಗೆ ಆ ದಿನದ ಇಳುವರಿಯನ್ನು ಹಾಕಿಕೊಳ್ಳಬೇಕು.

ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ: ವರ್ಷ, ಬರುವ ಹಣ, ಇಂದಿನ ಮೌಲ್ಯ, ಇಂದಿನ ಮೌಲ್ಯವನ್ನು ವರ್ಷದಿಂದ ಗುಣಿಸಿದ ಮೊತ್ತ. ಮೊದಲ ವರ್ಷ ಬರುವ 7 ರೂಪಾಯಿಯನ್ನು 1.07ರಿಂದ ಭಾಗಿಸಿದರೆ ಇಂದಿನ ಮೌಲ್ಯ 6.54. ಎರಡನೇ ವರ್ಷದ 7 ರೂಪಾಯಿಯನ್ನು 1.07ರಿಂದ ಎರಡು ಬಾರಿ ಭಾಗಿಸಿದರೆ 6.11. ಇದೇ ರೀತಿ ಮೂರನೇ ವರ್ಷಕ್ಕೆ 5.71, ನಾಲ್ಕನೇ ವರ್ಷಕ್ಕೆ 5.34. ಐದನೇ ವರ್ಷ ಬಡ್ಡಿಯೂ ಅಸಲೂ ಸೇರಿ ಬರುವ 107 ರೂಪಾಯಿಯ ಇಂದಿನ ಮೌಲ್ಯ 76.29. ಎಲ್ಲ ಕೂಡಿದರೆ ನೂರು ರೂಪಾಯಿ ಬರಬೇಕು, ಒಂದೆರಡು ಪೈಸೆ ಹೆಚ್ಚುಕಡಿಮೆಯಾಗಬಹುದು. ಅದಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಎಲ್ಲೋ ಭಾಗಾಕಾರ ತಪ್ಪಿದೆ ಎಂದು ತಿಳಿದು ಹಿಂದಕ್ಕೆ ಹೋಗಿ ನೋಡಿ.

ಈಗ ನಾಲ್ಕನೇ ಕಾಲಂ. ವರ್ಷದ ಸಂಖ್ಯೆಯಿಂದ ಗುಣಿಸಿದರೆ ಅನುಕ್ರಮವಾಗಿ 6.54, 12.23, 17.14, 21.36 ಮತ್ತು 381.45. ಒಟ್ಟು 438.72. ಇದನ್ನು ಬೆಲೆಯಾದ 100ರಿಂದ ಭಾಗಿಸಿದರೆ 4.39. ಅಂದರೆ ಈ ಐದು ವರ್ಷದ ಬಾಂಡ್‌ನ ಡ್ಯುರೇಷನ್ 4.39 ವರ್ಷ.

ನಡುವೆ ಬಡ್ಡಿಯನ್ನೇ ಕೊಡದ ಬಾಂಡ್‌ಗೆ ಅವಧಿಯೇ ಡ್ಯುರೇಷನ್. ಬಡ್ಡಿ ಹೆಚ್ಚಿದ್ದಷ್ಟೂ ಡ್ಯುರೇಷನ್ ಕಡಿಮೆ, ಏಕೆಂದರೆ ಹಣದ ಹೆಚ್ಚಿನ ಪಾಲು ಮುಂಚೆಯೇ ಕೈಸೇರುತ್ತದೆ. ಅವಧಿ ಉದ್ದವಾದಷ್ಟೂ ಡ್ಯುರೇಷನ್ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಆರು ತಿಂಗಳಿಗೊಮ್ಮೆ ಬಡ್ಡಿ ಬರುವ ನಿಜವಾದ ಸರ್ಕಾರಿ ಬಾಂಡ್‌ಗೆ ಅರ್ಧ ವರ್ಷದ ಸಾಲುಗಳನ್ನು ಮಾಡಿ, ಒಂದಕ್ಕೆ ಇಳುವರಿಯ ಅರ್ಧ ಕೂಡಿಸಿದ ಸಂಖ್ಯೆಯಿಂದ ಭಾಗಾಕಾರ ನಡೆಸಬೇಕು. ಸ್ಪ್ರೆಡ್‌ಶೀಟ್ ಬಳಸುವವರಿಗೆ "ಡ್ಯುರೇಷನ್" ಮತ್ತು "ಎಂಡ್ಯುರೇಷನ್" ಎಂಬ ಸಿದ್ಧ ಸೂತ್ರಗಳೇ ಇವೆ.

ನಾಲ್ಕನೆಯ ಹಂತ: ವರ್ಷವನ್ನು ರೂಪಾಯಿಗೆ ತಿರುಗಿಸುವುದು

ಡ್ಯುರೇಷನ್ ಅನ್ನು 1.07ರಿಂದ, ಅಂದರೆ ಒಂದಕ್ಕೆ ಇಳುವರಿ ಕೂಡಿಸಿದ ಸಂಖ್ಯೆಯಿಂದ ಭಾಗಿಸಿದರೆ ಮಾಡಿಫೈಡ್ ಡ್ಯುರೇಷನ್ ಸಿಗುತ್ತದೆ. ನಮ್ಮ ಬಾಂಡ್‌ಗೆ ಅದು 4.10. ಇಳುವರಿ ಶೇ 1ರಷ್ಟು ಏರಿದರೆ, ಅಂದರೆ ಶೇ 7 ಇದ್ದದ್ದು ಶೇ 8 ಆದರೆ, ಬಾಂಡ್‌ನ ಬೆಲೆ ಸುಮಾರು ಶೇ 4.10ರಷ್ಟು ಇಳಿಯುತ್ತದೆ, ಇಳುವರಿ ಅಷ್ಟೇ ಇಳಿದರೆ ಬೆಲೆ ಸುಮಾರು ಅಷ್ಟೇ ಏರುತ್ತದೆ ಎಂಬುದು ಇದರ ಅರ್ಥ. ಅರ್ಧವಾರ್ಷಿಕ ಬಡ್ಡಿಯ ಬಾಂಡ್‌ಗೆ ಭಾಗಿಸುವಾಗ ಇಳುವರಿಯ ಅರ್ಧವನ್ನಷ್ಟೇ ಒಂದಕ್ಕೆ ಕೂಡಿಸಬೇಕು.

ಶೇ 7ರ ಇಳುವರಿಯಲ್ಲಿ, ಶೇ 7 ಬಡ್ಡಿಯ, ನೂರು ರೂಪಾಯಿಗೇ ಸಿಗುವ ಬಾಂಡ್‌ಗಳಿಗೆ ಇದೇ ಲೆಕ್ಕ ಹಾಕಿದರೆ ಒಂದು ವರ್ಷದ್ದಕ್ಕೆ 0.93, ಹತ್ತು ವರ್ಷದ್ದಕ್ಕೆ 7.02, ಮೂವತ್ತು ವರ್ಷದ್ದಕ್ಕೆ 12.41 ಬರುತ್ತದೆ. ಒಂದೇ ಸರ್ಕಾರ, ಒಂದೇ ಖಾತರಿ, ಒಂದೇ ಬಡ್ಡಿ. ಆದರೂ ಒಂದರ ಅಪಾಯ ಮತ್ತೊಂದರ ಹದಿಮೂರು ಪಟ್ಟು.

ಮಾರುಕಟ್ಟೆಯಲ್ಲಿ ದರದ ಬದಲಾವಣೆಯನ್ನು ಮೂಲಾಂಶಗಳಲ್ಲಿ ಹೇಳುತ್ತಾರೆ. ನೂರು ಮೂಲಾಂಶ ಸೇರಿದರೆ ಶೇ 1. ಒಂದು ಮೂಲಾಂಶಕ್ಕೆ ನಿಮ್ಮ ಹಣ ಎಷ್ಟು ರೂಪಾಯಿ ಅಲುಗುತ್ತದೆ ಎಂಬುದೇ ಮನೆಮಂದಿಗೆ ಅತ್ಯಂತ ಉಪಯುಕ್ತವಾದ ಅಳತೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಶೇಕಡಾವಾರಿನಲ್ಲಿ ಅಲ್ಲದೆ ನೇರ ರೂಪಾಯಿಯಲ್ಲಿ ಮಾತಾಡುತ್ತದೆ. ಲೆಕ್ಕ ಸುಲಭ: ಬಾಂಡ್‌ನ ಮಾರುಕಟ್ಟೆ ಮೌಲ್ಯವನ್ನು ಮಾಡಿಫೈಡ್ ಡ್ಯುರೇಷನ್‌ನಿಂದ ಗುಣಿಸಿ, ಹತ್ತು ಸಾವಿರದಿಂದ ಭಾಗಿಸಿ. ಹತ್ತು ಲಕ್ಷ ರೂಪಾಯಿಯ ಹತ್ತು ವರ್ಷದ ಬಾಂಡ್‌ಗೆ ಒಂದು ಮೂಲಾಂಶದ ಬೆಲೆ 702 ರೂಪಾಯಿ. "ಇಂದು ಇಳುವರಿ 8 ಮೂಲಾಂಶ ಏರಿತು" ಎಂದು ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಓದಿದರೆ, ನಿಮ್ಮ ಬಾಂಡ್‌ನ ಬೆಲೆ ಸುಮಾರು 5,600 ರೂಪಾಯಿ ಇಳಿದಿದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು.

ದರ ದೊಡ್ಡದಾಗಿ ಬದಲಾದಾಗ ಈ ಅಂದಾಜು ಸ್ವಲ್ಪ ತಪ್ಪುತ್ತದೆ. ನಮ್ಮ ಐದು ವರ್ಷದ ಬಾಂಡ್‌ನ ಬೆಲೆಯನ್ನು ಶೇ 8ರ ಇಳುವರಿಯಲ್ಲಿ ಪೂರ್ತಿಯಾಗಿ ಲೆಕ್ಕ ಹಾಕಿದರೆ 96.01 ಬರುತ್ತದೆ, ಶೇ 6ರಲ್ಲಿ 104.21. ಇಳಿಕೆ 3.99, ಏರಿಕೆ 4.21. ಬೆಲೆ ಮತ್ತು ಇಳುವರಿಯ ನಡುವಿನ ಗೆರೆ ನೇರವಾಗಿರದೆ ಬಾಗಿರುವುದೇ ಇದಕ್ಕೆ ಕಾರಣ. ಈ ಬಾಗನ್ನು ಕಾನ್ವೆಕ್ಸಿಟಿ ಎನ್ನುತ್ತಾರೆ. ಸಾಮಾನ್ಯ ಸರ್ಕಾರಿ ಬಾಂಡ್‌ಗಳಲ್ಲಿ ಇದು ಹೂಡಿಕೆದಾರರ ಪರವಾಗಿಯೇ ಇರುತ್ತದೆ. ಮೂವತ್ತು ವರ್ಷದ ಬಾಂಡ್‌ನಲ್ಲಿ ಇದು ಎದ್ದು ಕಾಣುತ್ತದೆ: ಶೇ 8ಕ್ಕೆ ಏರಿದರೆ ಬೆಲೆ 88.74, ಶೇ 6ಕ್ಕೆ ಇಳಿದರೆ 113.76. ಆದರೆ ಅವಧಿಗೆ ಮುನ್ನವೇ ಅಸಲು ಹಿಂತಿರುಗಿಸುವ ಹಕ್ಕನ್ನು ಕಂಪನಿ ತನ್ನ ಬಳಿ ಇಟ್ಟುಕೊಂಡಿರುವ ಬಾಂಡ್‌ಗಳಲ್ಲಿ ಈ ಬಾಗು ತಿರುವುಮುರುವಾಗಬಹುದು. ದರ ಇಳಿದಾಗ ಕಂಪನಿ ಹಣ ವಾಪಸ್ ಕೊಟ್ಟುಬಿಡುತ್ತದೆ, ಏರಿದಾಗ ನೀವು ಸಿಕ್ಕಿಕೊಳ್ಳುತ್ತೀರಿ. ಅಂಥವುಗಳ ಡ್ಯುರೇಷನ್ ಅನ್ನು ಮೇಲಿನ ಸೂತ್ರದಿಂದ ಅಳೆಯಬಾರದು.

ಐದನೆಯ ಹಂತ: ಇಡೀ ಹೂಡಿಕೆಯನ್ನು ಒಟ್ಟಿಗೆ ನೋಡುವುದು

ಒಂದು ಕುಟುಂಬದ ಬಳಿ ಇಪ್ಪತ್ತು ಲಕ್ಷ ರೂಪಾಯಿ ಇದೆ ಎನ್ನೋಣ. ಐದು ಲಕ್ಷ 364 ದಿನಗಳ ಖಜಾನೆ ಹುಂಡಿಯಲ್ಲಿ, ಹತ್ತು ಲಕ್ಷ ಐದು ವರ್ಷದ ಬಾಂಡ್‌ನಲ್ಲಿ, ಇನ್ನೈದು ಲಕ್ಷ ಮೂವತ್ತು ವರ್ಷದ ಬಾಂಡ್‌ನಲ್ಲಿ. ಒಂದು ಮೂಲಾಂಶಕ್ಕೆ ಹುಂಡಿಯಿಂದ ಸುಮಾರು 47 ರೂಪಾಯಿ, ಐದು ವರ್ಷದ ಬಾಂಡ್‌ನಿಂದ 410, ಮೂವತ್ತು ವರ್ಷದ್ದರಿಂದ 620. ಒಟ್ಟು 1,077 ರೂಪಾಯಿ. ಇಡೀ ಹೂಡಿಕೆಯ ಮಾಡಿಫೈಡ್ ಡ್ಯುರೇಷನ್ 5.39.

ಹಣದ ನಾಲ್ಕನೇ ಒಂದು ಭಾಗವಷ್ಟೇ ಇರುವ ಮೂವತ್ತು ವರ್ಷದ ಬಾಂಡ್, ಒಟ್ಟು ಅಪಾಯದ ಅರ್ಧಕ್ಕಿಂತ ಹೆಚ್ಚನ್ನು, ನಿಖರವಾಗಿ ಶೇ 57ಕ್ಕೂ ಮಿಕ್ಕಿದ ಪಾಲನ್ನು ಹೊತ್ತಿದೆ. ಹೂಡಿಕೆಯ ಪಟ್ಟಿಯನ್ನು ರೂಪಾಯಿ ಮೊತ್ತದ ಪ್ರಕಾರ ನೋಡಿದಾಗ ಇದು ಕಾಣುವುದಿಲ್ಲ. ಮೂಲಾಂಶದ ಲೆಕ್ಕಕ್ಕೆ ಇಳಿದಾಗ ಮಾತ್ರ ಕಾಣುತ್ತದೆ. ಅಪಾಯ ತಗ್ಗಿಸಬೇಕಾದರೆ ಎಲ್ಲಿ ಕೈಹಾಕಬೇಕು ಎಂಬುದಕ್ಕೆ ಉತ್ತರವೂ ಇಲ್ಲೇ ಇದೆ.

ಆರನೆಯ ಹಂತ: ಡ್ಯುರೇಷನ್ ಅನ್ನು ಅಗತ್ಯದ ದಿನಕ್ಕೆ ಹೊಂದಿಸುವುದು

ಈ ಮಾರ್ಗದರ್ಶಿಯಲ್ಲಿ ಎಲ್ಲಕ್ಕಿಂತ ನಿಧಾನವಾಗಿ ಓದಬೇಕಾದ ಭಾಗ ಇದು. ಅದೇ ಐದು ವರ್ಷದ, ಶೇ 7ರ ಬಾಂಡ್‌ನಲ್ಲಿ ಒಂದು ಲಕ್ಷ ರೂಪಾಯಿ ಹೂಡಿದ್ದೀರಿ. ಹೂಡಿದ ಮರುದಿನವೇ ಮಾರುಕಟ್ಟೆ ದರ ಶೇ 8ಕ್ಕೆ ಏರಿ ಅಲ್ಲೇ ನಿಂತಿತು, ಅಥವಾ ಶೇ 6ಕ್ಕೆ ಇಳಿದು ಅಲ್ಲೇ ನಿಂತಿತು ಎಂದುಕೊಳ್ಳಿ. ಬಂದ ಬಡ್ಡಿಯನ್ನೆಲ್ಲ ಆ ಹೊಸ ದರದಲ್ಲೇ ಮರುಹೂಡಿಕೆ ಮಾಡುತ್ತೀರಿ.

ಎರಡು ವರ್ಷಕ್ಕೆ ಹಣ ಬೇಕಾಗಿ ಬಾಂಡ್ ಮಾರಿದರೆ, ದರ ಬದಲಾಗದಿದ್ದ ಪಕ್ಷದಲ್ಲಿ ಕೈಗೆ ಬರುವುದು 1,14,490 ರೂಪಾಯಿ. ದರ ಏರಿದ್ದರೆ 1,11,983. ಇಳಿದಿದ್ದರೆ 1,17,093. ಇಲ್ಲಿ ಏರಿಕೆ ನಷ್ಟ, ಇಳಿಕೆ ಲಾಭ.

ಏಳು ವರ್ಷ ಹಣ ಮುಟ್ಟದಿದ್ದರೆ, ಅಂದರೆ ಐದನೇ ವರ್ಷ ಬಂದ ಅಸಲನ್ನೂ ಮತ್ತೆ ಹೂಡಿದರೆ, ಲೆಕ್ಕ ತಲೆಕೆಳಗಾಗುತ್ತದೆ. ದರ ಬದಲಾಗದಿದ್ದರೆ 1,60,578, ಏರಿದ್ದರೆ 1,64,540, ಇಳಿದಿದ್ದರೆ 1,56,697. ಈಗ ಏರಿಕೆಯೇ ಲಾಭ, ಇಳಿಕೆಯೇ ನಷ್ಟ.

ಹಣ ಬೇಕಾದದ್ದು 4.39 ವರ್ಷಕ್ಕೆ, ಅಂದರೆ ಡ್ಯುರೇಷನ್ ಮುಗಿಯುವ ಹೊತ್ತಿಗೆ ಸರಿಯಾಗಿ ಎಂದಾದರೆ, ಮೂರೂ ಸಂದರ್ಭಗಳಲ್ಲಿ ಕೈಗೆ ಬರುವುದು ಸುಮಾರು 1,34,560 ರೂಪಾಯಿ. ಬೆಲೆಯಲ್ಲಿ ಕಳೆದುಕೊಂಡದ್ದನ್ನು ಮರುಹೂಡಿಕೆ ತುಂಬಿಕೊಡುತ್ತದೆ, ಮರುಹೂಡಿಕೆಯಲ್ಲಿ ಕಳೆದುಕೊಂಡದ್ದನ್ನು ಬೆಲೆ ತುಂಬಿಕೊಡುತ್ತದೆ. ಚನ್ನಗಿರಿಯ ಆ ಬೆಳೆಗಾರರ ನಾಲ್ಕೂವರೆ ವರ್ಷದ ಅಗತ್ಯಕ್ಕೆ ಈ ಬಾಂಡ್ ಏಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ ಎಂಬುದು ಇದರಿಂದ ಸ್ಪಷ್ಟ. ಬ್ರಿಟನ್ನಿನ ಜೀವವಿಮಾ ಗಣಿತಜ್ಞ ಫ್ರಾಂಕ್ ರೆಡಿಂಗ್ಟನ್ 1952ರಲ್ಲಿ ವಿಮಾ ಕಂಪನಿಗಳ ಹೊಣೆಗಾರಿಕೆಗಳಿಗಾಗಿ ವಿವರಿಸಿದ ಈ ವಿಧಾನ, ದಾವಣಗೆರೆಯ ಒಂದು ಮನೆಯ ಲೆಕ್ಕಕ್ಕೂ ಅಷ್ಟೇ ಚೆನ್ನಾಗಿ ಒಗ್ಗುತ್ತದೆ.

ಒಂದು ಎಚ್ಚರಿಕೆ ಇದೆ. ಕಾಲ ಒಂದು ವರ್ಷ ಕಳೆದಾಗ ನಿಮ್ಮ ಅಗತ್ಯದ ದಿನ ಒಂದು ವರ್ಷ ಹತ್ತಿರ ಬರುತ್ತದೆ, ಆದರೆ ಬಾಂಡ್‌ನ ಡ್ಯುರೇಷನ್ ಒಂದು ವರ್ಷಕ್ಕಿಂತ ಕಡಿಮೆ ಇಳಿದಿರುತ್ತದೆ. ದರ ಬದಲಾದಾಗಲೂ ಡ್ಯುರೇಷನ್ ಅಲುಗುತ್ತದೆ. ಆದ್ದರಿಂದ ಹೊಂದಾಣಿಕೆ ಒಮ್ಮೆ ಮಾಡಿ ಮರೆತುಬಿಡುವ ಕೆಲಸವಲ್ಲ. ವರ್ಷಕ್ಕೊಮ್ಮೆಯಾದರೂ ಲೆಕ್ಕ ಮತ್ತೆ ಮಾಡಿ, ಬಂದ ಬಡ್ಡಿಯನ್ನು ಅಲ್ಪಾವಧಿಯ ಹುಂಡಿಗೆ ಹಾಕುವ ಮೂಲಕ ಒಟ್ಟು ಡ್ಯುರೇಷನ್ ಅನ್ನು ಸರಿದಾರಿಗೆ ತರಬೇಕು.

ಏಳನೆಯ ಹಂತ: ಹೊಂದಿಸುವ ದಾರಿಗಳು

ಒಂದೇ ದಿನದ ಅಗತ್ಯ ಇರುವವರಿಗೆ ಮೇಲಿನ ವಿಧಾನ. ವರ್ಷವರ್ಷವೂ ಹಣ ಬೇಕಾಗುವ ನಿವೃತ್ತರಿಗೆ ಮೆಟ್ಟಿಲು ವಿಧಾನವೇ ಮೇಲು. ಹದಿನೈದು ಲಕ್ಷವನ್ನು ಮೂರು ಮೂರು ಲಕ್ಷವಾಗಿ ಒಂದು, ಎರಡು, ಮೂರು, ನಾಲ್ಕು, ಐದು ವರ್ಷಗಳಲ್ಲಿ ತೀರುವ ಬಾಂಡ್‌ಗಳಿಗೆ ಹಂಚಿದರೆ, ಶೇ 7ರ ದರದಲ್ಲಿ ಒಟ್ಟು ಮಾಡಿಫೈಡ್ ಡ್ಯುರೇಷನ್ 2.57 ಆಗುತ್ತದೆ. ದರ ಶೇ 1ರಷ್ಟು ಏರಿದರೆ ಕಾಗದದ ಮೇಲೆ ಸುಮಾರು 38,500 ರೂಪಾಯಿ ಇಳಿಕೆ ಕಾಣುತ್ತದೆ. ಆದರೆ ಯಾವುದನ್ನೂ ಮಾರುವ ಪ್ರಮೇಯವಿಲ್ಲ. ಪ್ರತಿ ವರ್ಷ ಮೂರು ಲಕ್ಷ ತಾನಾಗಿ ಕೈಗೆ ಬರುತ್ತದೆ, ಖರ್ಚಿಗೆ ಬೇಡವಾದದ್ದನ್ನು ಹೊಸ ದರದಲ್ಲಿ ಐದು ವರ್ಷದ ತುದಿಗೆ ಹಾಕಬಹುದು. ಮಾರಬೇಕಾದ ಅಗತ್ಯ ಬೀಳದಿರುವುದು ಸಣ್ಣ ಹೂಡಿಕೆದಾರರಿಗೆ ಬಹಳ ದೊಡ್ಡ ಅನುಕೂಲ, ಏಕೆಂದರೆ ಒಂದೆರಡು ಲಕ್ಷದ ಸಣ್ಣ ಮೊತ್ತದ ಬಾಂಡ್‌ಗೆ ಎರಡನೇ ಹಂತದ ಮಾರುಕಟ್ಟೆಯಲ್ಲಿ (ಹೂಡಿಕೆದಾರರು ತಮ್ಮೊಳಗೆ ಮಾರಿ ಕೊಳ್ಳುವ ಕಡೆ) ಕೇಳಿದ ಬೆಲೆ ಸಿಗುವುದು ಸುಲಭವಲ್ಲ.

ಬೆಲೆಯ ಏರಿಳಿತವೇ ಬೇಡ ಎನ್ನುವವರಿಗೆ ಕೇಂದ್ರ ಸರ್ಕಾರದ ಬದಲಾಗುವ ದರದ ಉಳಿತಾಯ ಬಾಂಡ್ ಇದೆ. ಏಳು ವರ್ಷದ ಈ ಬಾಂಡ್‌ನ ಬಡ್ಡಿ, ರಾಷ್ಟ್ರೀಯ ಉಳಿತಾಯ ಪ್ರಮಾಣಪತ್ರದ ದರಕ್ಕೆ ಶೇ 0.35 ಸೇರಿಸಿದಷ್ಟು, ಜನವರಿ 1 ಮತ್ತು ಜುಲೈ 1ರಂದು ಮರುನಿಗದಿಯಾಗುತ್ತದೆ. ಇದನ್ನು ಮಾರುಕಟ್ಟೆಯಲ್ಲಿ ಮಾರಲಾಗದು, ಹೀಗಾಗಿ ಬೆಲೆಯ ಅಪಾಯವೂ ಇಲ್ಲ. ಆದರೆ ದರ ಇಳಿದರೆ ನಿಮ್ಮ ಆದಾಯವೂ ಇಳಿಯುತ್ತದೆ, ಹಿರಿಯ ನಾಗರಿಕರಿಗಷ್ಟೇ ಅವಧಿಗೆ ಮುನ್ನ ಹಣ ತೆಗೆಯುವ ಅವಕಾಶವಿದೆ.

ಸಾಲಪತ್ರಗಳ ಮ್ಯೂಚುವಲ್ ಫಂಡ್ ಮೂಲಕ ಹೋಗುವವರು ತಿಂಗಳ ಫ್ಯಾಕ್ಟ್‌ಶೀಟ್‌ನಲ್ಲಿ ಮಾಡಿಫೈಡ್ ಡ್ಯುರೇಷನ್ ಎಂಬ ಸಾಲನ್ನು ಹುಡುಕಬೇಕು. ಕಳೆದ ವರ್ಷದ ಗಳಿಕೆಗಿಂತ ಅದು ಹೆಚ್ಚು ಮುಖ್ಯ. ಷೇರು ಮತ್ತು ಫಂಡ್ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಶಾರ್ಟ್ ಡ್ಯುರೇಷನ್ ಫಂಡ್‌ನ ಡ್ಯುರೇಷನ್ ಒಂದರಿಂದ ಮೂರು ವರ್ಷದೊಳಗೆ, ಮೀಡಿಯಂ ಡ್ಯುರೇಷನ್ ಫಂಡ್‌ನದು ಸಾಮಾನ್ಯವಾಗಿ ಮೂರರಿಂದ ನಾಲ್ಕು ವರ್ಷದೊಳಗೆ, ಲಾಂಗ್ ಡ್ಯುರೇಷನ್ ಫಂಡ್‌ನದು ಏಳು ವರ್ಷಕ್ಕಿಂತ ಹೆಚ್ಚು ಇರಬೇಕು. ಮುಖ್ಯವಾಗಿ ಸರ್ಕಾರಿ ಸಾಲಪತ್ರಗಳಲ್ಲೇ ಹೂಡುವ ಗಿಲ್ಟ್ ಫಂಡ್‌ಗೆ ಇಂಥ ಮಿತಿ ಇಲ್ಲ, ಆದ್ದರಿಂದ ಅದರ ಫ್ಯಾಕ್ಟ್‌ಶೀಟ್ ಅನ್ನು ಪ್ರತಿ ಬಾರಿಯೂ ನೋಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ನೀವು ನೇರವಾಗಿ ಕೊಂಡ ಬಾಂಡ್‌ನ ಡ್ಯುರೇಷನ್ ದಿನ ಕಳೆದಂತೆ ಕರಗುತ್ತದೆ, ಆದರೆ ಸಾಮಾನ್ಯ ಫಂಡ್ ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುತ್ತಾ ಡ್ಯುರೇಷನ್ ಅನ್ನು ಅದೇ ಮಟ್ಟದಲ್ಲಿ ಕಾಯ್ದುಕೊಳ್ಳುತ್ತದೆ. ನಿಮ್ಮ ಅಗತ್ಯದ ದಿನ ಹತ್ತಿರ ಬಂದರೂ ಫಂಡ್‌ನ ಅಪಾಯ ಕಡಿಮೆಯಾಗುವುದಿಲ್ಲ. ನಿರ್ದಿಷ್ಟ ವರ್ಷದಲ್ಲಿ ಮುಗಿಯುವ ಟಾರ್ಗೆಟ್ ಮೆಚ್ಯೂರಿಟಿ ಫಂಡ್‌ಗಳಲ್ಲಿ ಈ ತೊಡಕಿಲ್ಲ.

ಬಡ್ಡಿದರದ ಫ್ಯೂಚರ್ಸ್ ಮತ್ತು ಸ್ವಾಪ್‌ಗಳು ಬ್ಯಾಂಕುಗಳ ಖಜಾನೆ ವಿಭಾಗದವರಿಗೆ ಸಲ್ಲುವ ಸಾಧನಗಳು. ಮನೆಯ ಲೆಕ್ಕಕ್ಕೆ ಅವು ಬೇಕಿಲ್ಲ.

ಸಹಕಾರ ಬ್ಯಾಂಕು ಮತ್ತು ಸಂಘಗಳ ನಿರ್ದೇಶಕರಿಗೆ

ನಮ್ಮ ಊರಿನ ಅನೇಕ ವರ್ತಕರು, ವಕೀಲರು, ವೈದ್ಯರು ಸಹಕಾರ ಬ್ಯಾಂಕುಗಳ ಆಡಳಿತ ಮಂಡಳಿಯಲ್ಲಿ ಕೂರುವವರು. ಅವರ ಹೊಣೆ ಇನ್ನೂ ದೊಡ್ಡದು. ನಗರ ಸಹಕಾರ ಬ್ಯಾಂಕುಗಳು ಠೇವಣಿಯ ಒಂದು ಪಾಲನ್ನು ಕಡ್ಡಾಯವಾಗಿ ಸರ್ಕಾರಿ ಸಾಲಪತ್ರಗಳಲ್ಲಿ ಇಡಬೇಕು. ಠೇವಣಿದಾರರು ಇಡುವುದು ಒಂದೆರಡು ವರ್ಷಕ್ಕೆ, ಬ್ಯಾಂಕು ಕೊಳ್ಳುವ ಬಾಂಡ್ ಎಷ್ಟೋ ಸಲ ಹತ್ತು ವರ್ಷದ್ದು.

ಉದಾಹರಣೆಗೆ, ಒಂದು ಸಂಸ್ಥೆಯ ಆಸ್ತಿ 200 ಕೋಟಿ, ಅದರ ಮಾಡಿಫೈಡ್ ಡ್ಯುರೇಷನ್ 3. ಹೊಣೆಗಾರಿಕೆ (ಠೇವಣಿ ಮುಂತಾಗಿ ಹಿಂದಿರುಗಿಸಬೇಕಾದ ಹಣ) 180 ಕೋಟಿ, ಅದರದು 1.2, ಸ್ವಂತ ಬಂಡವಾಳ 20 ಕೋಟಿ ಎನ್ನೋಣ. ದರ ಶೇ 1ರಷ್ಟು ಏರಿದರೆ ಆಸ್ತಿಯ ಮೌಲ್ಯ 6 ಕೋಟಿ ಇಳಿಯುತ್ತದೆ, ಹೊಣೆಗಾರಿಕೆಯ ಮೌಲ್ಯ 2.16 ಕೋಟಿ ಇಳಿಯುತ್ತದೆ. ಉಳಿದ 3.84 ಕೋಟಿ ಬಂಡವಾಳದಿಂದ ಹೋಗುತ್ತದೆ. ಅದು ಬಂಡವಾಳದ ಶೇ 19.2. ಬಾಂಡ್‌ಗಳನ್ನು ಕೊನೆಯವರೆಗೆ ಇಟ್ಟುಕೊಳ್ಳುವ ವರ್ಗಕ್ಕೆ ಸೇರಿಸಿದರೆ ಈ ಇಳಿಕೆ ಲೆಕ್ಕಪತ್ರದಲ್ಲಿ ಕಾಣುವುದಿಲ್ಲ, ಆದರೆ ಕಾಣದಿರುವುದರಿಂದ ಅದು ಇಲ್ಲವಾಗುವುದಿಲ್ಲ. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ 2023ರ ಮಾರ್ಚ್‌ನಲ್ಲಿ ಸುಮಾರು 2,100 ಕೋಟಿ ಡಾಲರ್‌ನ ಬಾಂಡ್‌ಗಳನ್ನು ಸುಮಾರು 180 ಕೋಟಿ ಡಾಲರ್ ನಷ್ಟಕ್ಕೆ ಮಾರಿದ್ದಾಗಿ ಪ್ರಕಟಿಸಿತು; ಠೇವಣಿದಾರರು ಮುಗಿಬಿದ್ದು ಹಣ ತೆಗೆದರು; ಆ ತಿಂಗಳ 10ರಂದು ಬ್ಯಾಂಕು ಮುಚ್ಚಿತು. ಆಸ್ತಿ ಮತ್ತು ಹೊಣೆಗಾರಿಕೆಯ ಡ್ಯುರೇಷನ್ ಎಷ್ಟೆಷ್ಟು ಎಂಬ ಪ್ರಶ್ನೆಯನ್ನು ನಿರ್ದೇಶಕರು ಪ್ರತಿ ತ್ರೈಮಾಸಿಕ ಸಭೆಯಲ್ಲಿ ಕೇಳಬೇಕು. ಸದಸ್ಯರು ವಾರ್ಷಿಕ ಮಹಾಸಭೆಯಲ್ಲಿ ಕೇಳಬಹುದು, ಕೇಳಬೇಕು.

ದರದ ಸುದ್ದಿ ಬಂದಾಗ

ಎರಡು ತಿಂಗಳಿಗೊಮ್ಮೆ ಸೇರುವ ಹಣಕಾಸು ನೀತಿ ಸಮಿತಿ ರೆಪೊ ದರ ಬದಲಿಸಿದಾಗ ಎಲ್ಲ ಅವಧಿಯ ಇಳುವರಿಗಳೂ ಅಷ್ಟೇ ಬದಲಾಗುತ್ತವೆ ಎಂದು ಭಾವಿಸಬಾರದು. 2025ರ ಜೂನ್‌ನಲ್ಲಿ ರೆಪೊ ದರವನ್ನು ಒಮ್ಮೆಗೇ 50 ಮೂಲಾಂಶ ಇಳಿಸಿ ಶೇ 5.50ಕ್ಕೆ ತಂದರು, ಆದರೆ ಸಮಿತಿ ತನ್ನ ನಿಲುವನ್ನು ತಟಸ್ಥಕ್ಕೆ ಬದಲಿಸಿದ್ದರಿಂದ ಮುಂದೆ ಹೆಚ್ಚು ಕಡಿತ ಇರಲಾರದು ಎಂದು ಮಾರುಕಟ್ಟೆ ಭಾವಿಸಿತು, ನಂತರದ ವಾರಗಳಲ್ಲಿ ದೀರ್ಘಾವಧಿ ಬಾಂಡ್‌ಗಳ ಇಳುವರಿ ಇಳಿಯುವ ಬದಲು ಏರಿತು. ದರ ಇಳಿಯುತ್ತದೆ ಎಂಬ ಊಹೆಯ ಮೇಲೆ ಮೂವತ್ತು ವರ್ಷದ ಬಾಂಡ್ ಕೊಂಡವರಿಗೆ ಊಹೆ ನಿಜವಾದರೂ ಬೆಲೆ ಇಳಿಯಿತು. ಈ ಕಾರಣಕ್ಕೇ ದರದ ಭವಿಷ್ಯ ಹೇಳುವ ಕೆಲಸವನ್ನು ಬದಿಗಿಟ್ಟು ಹೊಂದಾಣಿಕೆಯ ಕೆಲಸಕ್ಕೆ ಸಮಯ ಕೊಡಬೇಕೆಂದು ನಾನು ಹೇಳುವುದು. ಮೂರೂ ಬಗೆಯ ಪರೀಕ್ಷೆ ಮಾಡಿ: ಎಲ್ಲ ದರಗಳೂ ಶೇ 1ರಷ್ಟು ಏರಿದರೆ ಏನು, ಇಳಿದರೆ ಏನು, ಅಲ್ಪಾವಧಿ ದರ ಹಾಗೇ ಇದ್ದು ದೀರ್ಘಾವಧಿ ದರ ಮಾತ್ರ ಏರಿದರೆ ಏನು. ಮೂರನೆಯದಕ್ಕೆ ಪ್ರತಿ ಬಾಂಡ್‌ನ ಮೂಲಾಂಶದ ಬೆಲೆಯನ್ನು ಬೇರೆಬೇರೆಯಾಗಿ ಇಟ್ಟುಕೊಂಡಿರಬೇಕು.

ಇದಕ್ಕೆಂದು ಒಂದು ಪುಟ ಸಾಕು. ಪ್ರತಿ ಬಾಂಡ್‌ಗೆ ಒಂದು ಸಾಲು: ಹೆಸರು, ತೀರುವ ದಿನ, ಮುಖಬೆಲೆ, ಇಂದಿನ ಬೆಲೆ, ಇಳುವರಿ, ಡ್ಯುರೇಷನ್, ಮಾಡಿಫೈಡ್ ಡ್ಯುರೇಷನ್, ಒಂದು ಮೂಲಾಂಶಕ್ಕೆ ಎಷ್ಟು ರೂಪಾಯಿ, ಈ ಹಣ ಯಾವುದಕ್ಕೆ, ಯಾವ ತಿಂಗಳು ಬೇಕು. ಆರ್ಥಿಕ ವರ್ಷ ಶುರುವಾಗುವ ಏಪ್ರಿಲ್‌ನಲ್ಲಿ ಒಮ್ಮೆ, ಮೆಕ್ಕೆಜೋಳದ ಆವಕಕ್ಕೆ ಮುಂಚೆ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಅಂಕಿಗಳನ್ನು ಹೊಸದಾಗಿ ಬರೆಯಿರಿ. ಮೂರನೆಯ ಹಂತದಲ್ಲಿ ಕಂಡುಹಿಡಿದ ಮೆಕಾಲೆ ಡ್ಯುರೇಷನ್‌ಗೂ ಅಗತ್ಯದ ದಿನಕ್ಕೂ ನಡುವೆ ಒಂದು ವರ್ಷಕ್ಕಿಂತ ಹೆಚ್ಚು ಅಂತರ ಕಂಡ ಸಾಲಿನ ಮುಂದೆ ಕೆಂಪು ಗುರುತು ಹಾಕಿ, ಮುಂದೆ ಬರುವ ಬಡ್ಡಿ ಮತ್ತು ಹೊಸ ಉಳಿತಾಯವನ್ನು ಮೊದಲು ಆ ಅಂತರ ತುಂಬಲು ಬಳಸಿ. ಅಷ್ಟರಿಂದಲೂ ಅಂತರ ಕಡಿಮೆಯಾಗದಿದ್ದರೆ ಮಾತ್ರ ಬಾಂಡ್ ಮಾರುವ ಯೋಚನೆಗೆ ಬನ್ನಿ, ಮಾರುವ ಮುನ್ನ ಸಂದ ಬಡ್ಡಿ ಮತ್ತು ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯಿರಿ.